ಗಾಯಕ್ಕೆ ಹಾಕುವ ಆ ಇಂಜೆಕ್ಷನ್ ತಾಲ್ಲೂಕಿನಲ್ಲೇ ಸಿಗಲಿ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾಯಿ ಕಚ್ಚಿ ರಕ್ತ ಬಂದವರಿಗೆ ರೇಬೀಸ್ (ಹುಚ್ಚುನಾಯಿ ರೋಗ) ತಗಲದಂತೆ ಲಸಿಕೆಯ ಜೊತೆಗೆ ಮೊದಲ ದಿನವೇ ಕೊಡಬೇಕಾದ ಇಮ್ಯುನೊಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಹಗಲು ರಾತ್ರಿ ಸಿಗಬೇಕು. ಇದನ್ನು ಕೇಳಲೆಂದೇ ಈ ಪತ್ರ. ಬೀದಿನಾಯಿಗಳ ಹಾವಳಿಯ ಬಗ್ಗೆ ತಮಗೆ ದಿನವೂ ದೂರು ಬರುತ್ತಿರಬಹುದು. ನಾನು ಹೇಳುವುದು ಕಚ್ಚಿಸಿಕೊಂಡವರ ಪಾಡನ್ನು.

ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ನಾನು ಸದಸ್ಯೆ. ನಮ್ಮ ಶಾಲೆಯ ಅಡುಗೆಕೋಣೆಯ ಹಿಂದೆ ಮೊಟ್ಟೆ ಸಿಪ್ಪೆ, ಉಳಿದ ಅನ್ನ ಚೆಲ್ಲುವ ಮೂಲೆಯೊಂದಿದೆ. ಊಟದ ಗಂಟೆ ಹೊಡೆಯುವ ಮೊದಲೇ ನಾಯಿಗಳು ಅಲ್ಲಿಗೆ ಬಂದು ನಿಂತಿರುತ್ತವೆ. ಕಳೆದ ವರ್ಷ ನಾಲ್ಕನೇ ತರಗತಿಯ ಹುಡುಗನೊಬ್ಬ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಆ ಕಡೆ ಓಡಿದ. ನಾಯಿ ಹಾರಿ ಮೊಟ್ಟೆ ಕಸಿದುಕೊಂಡಿತು, ಜೊತೆಗೆ ಅವನ ಬೆರಳುಗಳನ್ನೂ ಕೆನ್ನೆಯನ್ನೂ ಸೀಳಿತು. ಸುದ್ದಿ ತಿಳಿದು ಅವನ ಅಜ್ಜಿ ಸುಣ್ಣ, ಮೆಣಸಿನ ಪುಡಿ ಹಿಡಿದು ಓಡಿಬಂದರು. ಅಡುಗೆಯ ಅಕ್ಕ ಅವರನ್ನು ಹತ್ತಿರಕ್ಕೆ ಬಿಡಲಿಲ್ಲ. ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿಕೊಂಡು, ಪಾತ್ರೆ ತೊಳೆಯುವ ಸೋಪನ್ನೇ ಹಚ್ಚಿ, ಅವನು ಎಷ್ಟು ಚೀರಿದರೂ ಕೈ ಬಿಡದೆ ಗಾಯ ತೊಳೆದರು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು ಎಂದು ಆಶಾ ಕಾರ್ಯಕರ್ತೆ ಎಂದೋ ಹೇಳಿದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಆ ತಾಯಿಗೆ ನಾವೆಲ್ಲ ಋಣಿಗಳು.

ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಲಸಿಕೆ ಹಾಕಿದರು. ಆಮೇಲೆ 'ಹೆಚ್ಚಿನ ಚಿಕಿತ್ಸೆಗೆ' ಎಂದು ಚೀಟಿ ಬರೆದು ಮಂಡ್ಯಕ್ಕೆ ಹೋಗಲು ಹೇಳಿದರು. ಯಾವ ಚಿಕಿತ್ಸೆ, ಏಕೆ, ಎಷ್ಟು ಬೇಗ ಎಂಬುದು ಚೀಟಿಯಲ್ಲಿರಲಿಲ್ಲ, ಬಾಯಲ್ಲೂ ಯಾರೂ ಹೇಳಲಿಲ್ಲ. ಹುಡುಗನ ತಾಯಿ ಕಬ್ಬು ಕಡಿಯುವ ಕೂಲಿ. ಇಂಜೆಕ್ಷನ್ ಆಯಿತಲ್ಲ ಎಂದುಕೊಂಡು ಮಗನನ್ನು ಮನೆಗೆ ಕರೆದೊಯ್ದರು. ಮರುದಿನ ಮುಖ್ಯೋಪಾಧ್ಯಾಯರು ಚೀಟಿ ನೋಡಿ ಗಾಬರಿಯಾಗಿ ಕಾರು ಗೊತ್ತುಮಾಡಿ ಕಳಿಸದಿದ್ದರೆ ಏನಾಗುತ್ತಿತ್ತೋ. ಹುಡುಗ ಈಗ ಆರೋಗ್ಯವಾಗಿದ್ದಾನೆ.

ಮಂಡ್ಯಕ್ಕೆ ಹೋಗದೆ ಉಳಿಯುವುದು ಏಕೆ ಅಪಾಯ ಎಂಬುದನ್ನು ತಮ್ಮ ವೈದ್ಯರು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಜನರಿಗೆ ತಿಳಿಯಲೆಂದು ಬರೆಯುತ್ತೇನೆ. ಲಸಿಕೆ ಹಾಕಿದೊಡನೆ ರಕ್ಷಣೆ ಸಿಗುವುದಿಲ್ಲ. ವೈರಾಣುವಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ದೇಹ ತಾನಾಗಿ ತಯಾರಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ವೈರಾಣು ನರದ ದಾರಿ ಹಿಡಿದರೆ ಮುಂದೆ ಮದ್ದಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೆನ್ನುವಷ್ಟು ಕಡಿಮೆ. ಆ ನಡುವಿನ ದಿನಗಳನ್ನು ಕಾಯುವುದು ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳು. ತೂಕಕ್ಕೆ ತಕ್ಕಂತೆ ಅಳೆದು ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಮುಖ, ತಲೆ, ಕೈಬೆರಳಿನ ಗಾಯಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮಕ್ಕಳು ಗಿಡ್ಡ ಇರುವುದರಿಂದ ನಾಯಿಯ ಬಾಯಿಗೆ ಸಿಗುವುದೂ ಅವರ ಮುಖವೇ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವುದು ಕುದುರೆಯ ರಕ್ತದಿಂದ ತಯಾರಾದ ಇಮ್ಯುನೊಗ್ಲೋಬ್ಯುಲಿನ್. ಅಲರ್ಜಿಯಾದರೆ ಯಾರು ಹೊಣೆ ಎಂಬ ಹಿಂಜರಿಕೆ ಸಣ್ಣ ಆಸ್ಪತ್ರೆಗಳ ವೈದ್ಯರಲ್ಲಿದೆ. ಅವರನ್ನು ದೂರುವುದಿಲ್ಲ. ಅಲರ್ಜಿಗೆ ಬೇಕಾದ ಅಡ್ರಿನಲಿನ್ ಪಕ್ಕದಲ್ಲೇ ಇಡಿಸಿ, ಗಾಯಕ್ಕೆ ಚುಚ್ಚುವ ಕ್ರಮವನ್ನು ಒಮ್ಮೆ ಕೂರಿಸಿ ತರಬೇತಿ ಕೊಡಿಸಿ, ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ತಾವು ಹೇಳಿದರೆ ಆ ಹಿಂಜರಿಕೆ ಹೋಗುತ್ತದೆ. ಹಲಗೂರಿನಾಚೆಯ ಹಳ್ಳಿಯವರಿಗೂ ಕೃಷ್ಣರಾಜಪೇಟೆಯ ಗಡಿಯವರಿಗೂ ಸಂಜೆಯ ಕೊನೆಯ ಬಸ್ಸು ಹೋದ ಮೇಲೆ ಮಂಡ್ಯ ಎಂದರೆ ಮಾರನೆಯ ದಿನವೇ ಸರಿ.

ಲಸಿಕೆಯ ವಿಷಯದಲ್ಲೂ ಒಂದು ಮಾತಿದೆ. ಚರ್ಮದೊಳಗೆ ಹಾಕುವ ವಿಧಾನದಲ್ಲಿ ಒಂದು ಬಾಟಲಿ ಹಲವರಿಗೆ ಸಾಕಾಗುತ್ತದೆ, ತೆರೆದ ಬಾಟಲಿಯನ್ನು ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಮದ್ದು ವ್ಯರ್ಥವಾಗಬಾರದೆಂದು 'ಇನ್ನಿಬ್ಬರು ಬರಲಿ' ಎಂದು ಕಾಯಿಸುವುದು, 'ನಾಳೆ ಬನ್ನಿ' ಎನ್ನುವುದು ಕೆಲವು ಕಡೆ ರೂಢಿಯಾಗಿದೆ. ಉಳಿತಾಯ ಒಳ್ಳೆಯದೇ, ಆದರೆ ಕಚ್ಚಿಸಿಕೊಂಡವರನ್ನು ಬರಿಗೈಯಲ್ಲಿ ಕಳಿಸಿ ಮಾಡುವ ಉಳಿತಾಯ ಬೇಡ. ಒಬ್ಬರೇ ಬಂದರೂ ಬಾಟಲಿ ತೆರೆಯಿರಿ ಎಂಬ ಲಿಖಿತ ಸೂಚನೆ ತಮ್ಮಿಂದ ಹೋಗಬೇಕು.

ಲಸಿಕೆಯ 0 (ಅಂದರೆ ಮೊದಲ ಸೂಜಿಯ ದಿನ), 3, 7 ಮತ್ತು 28ನೇ ದಿನದ ಸೂಜಿಗಳಲ್ಲಿ ತಪ್ಪುವುದು ಹೆಚ್ಚಾಗಿ ಕೊನೆಯದು. ಅಷ್ಟು ಹೊತ್ತಿಗೆ ಗಾಯ ಒಣಗಿರುತ್ತದೆ, ಒಂದು ದಿನದ ಕೂಲಿ ಬಿಡಲು ಮನಸ್ಸು ಒಪ್ಪುವುದಿಲ್ಲ. ದಿನಾಂಕ ಬರೆದ ಕಾರ್ಡು ಮತ್ತು ಆಶಾ ಕಾರ್ಯಕರ್ತೆಯ ಒಂದು ಫೋನ್ ಕರೆ ಇದ್ದರೆ ಬಹುಪಾಲು ಜನ ಬರುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಹಳೆಯ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಬೈಗುಳಕ್ಕೆ ಹೆದರಿ, ನಾಯಿಮರಿ ಪರಚಿದ್ದನ್ನು ಮುಚ್ಚಿಡುವ ಮಕ್ಕಳೂ ಇದ್ದಾರೆ. ಶಾಲೆಗಳಲ್ಲಿ ಪ್ರಾರ್ಥನೆಯ ಹೊತ್ತಿಗೆ ಇದನ್ನು ಹೇಳಿಕೊಡುವ ಕೆಲಸ ನಮ್ಮಂಥವರಿಗೆ ಬಿಡಿ, ಮಾಡುತ್ತೇವೆ.

ನಾಯಿಗಳ ಬಗ್ಗೆ ಇಷ್ಟೇ. ಹೊಡೆದು ಕೊಲ್ಲುವುದು ಕಾನೂನಿಗೂ ವಿರುದ್ಧ, ಅದರಿಂದ ರೋಗವೂ ನಿಲ್ಲದು. ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಶುವೈದ್ಯರು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಮಾತ್ರ ಕಾಯದೆ ಹಾಲಿನ ಡೇರಿಗಳ ಮುಂದೆ ಬೆಳಿಗ್ಗೆ ಶಿಬಿರ ಇಟ್ಟರೆ ಸಾಕುನಾಯಿಗಳಾದರೂ ಬರುತ್ತವೆ. ಶಾಲೆಯ ಹಿಂದಿನ ಎಂಜಲು ಸಾಗಿಸುವ ಹೊಣೆಯನ್ನು ಗ್ರಾಮ ಪಂಚಾಯಿತಿಗೆ ವಹಿಸಿ.

ರಾಜ್ಯ ಸರ್ಕಾರ 2022ರಲ್ಲೇ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ನಾಯಿಗಳಿಂದ ಹರಡುವ ರೇಬೀಸ್ ಸಾವನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಯೋಜನೆಯೂ ಇದೆ. ಸಾವಿನ ವರದಿಗಿಂತ ಮೊದಲು ದಾಸ್ತಾನಿನ ವರದಿ ಬರಲಿ. ಯಾವ ಆಸ್ಪತ್ರೆಯಲ್ಲಿ ಇಂದು ಎಷ್ಟು ಬಾಟಲಿ ಇಮ್ಯುನೊಗ್ಲೋಬ್ಯುಲಿನ್ ಇದೆ ಎಂಬುದನ್ನು ಅದರ ಬಾಗಿಲಲ್ಲೇ ಫಲಕದಲ್ಲಿ ಬರೆಸಿ, ಇಲ್ಲದಿದ್ದರೆ ಎಲ್ಲಿದೆ ಎಂದು ತಿಳಿಸಿ, ಅಲ್ಲಿಗೆ ಆಂಬುಲೆನ್ಸಿನಲ್ಲಿ ಕಳಿಸುವಂತೆ ಆದೇಶಿಸಿ. ಈ ವಿಷಯದಲ್ಲಿ ಏನು ಕ್ರಮ ಕೈಗೊಂಡಿರಿ ಎಂಬುದನ್ನು ಜಿಲ್ಲೆಯ ಜನರಿಗೆ ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ,
ಮಳವಳ್ಳಿ ತಾಲ್ಲೂಕು