ನಮಗೋಸ್ಕರ ಹಾಕಿದ ನೋಟಿಸು ನಮಗೇ ಓದಕ್ಕಾಗಲ್ಲ

ಸಂಪಾದಕರಿಗೆ ನಮಸ್ಕಾರ,

ನನಗೆ ಕಣ್ಣು ಪೂರ್ತಿ ಕಾಣಲ್ಲ, ಒಂಬತ್ತನೇ ವಯಸ್ಸಲ್ಲೇ ದೃಷ್ಟಿ ಹೋಯ್ತು. ಈಗ ಬ್ಯಾಂಕೊಂದರಲ್ಲಿ ಕೆಲಸ, ಬೆಳಿಗ್ಗೆಯಿಂದ ಸಂಜೆ ತನಕ ಕಂಪ್ಯೂಟರ್ ಮುಂದೇನೇ ಇರ್ತೀನಿ. ಎನ್‌ವಿಡಿಎ ಅಂತ ಒಂದು ಸ್ಕ್ರೀನ್ ರೀಡರ್ ಇದೆ, ಸ್ಕ್ರೀನ್ ಮೇಲೆ ಇರೋದನ್ನ ಕಿವಿಗೆ ಓದಿ ಹೇಳುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡನೂ ಓದುತ್ತೆ. ಮಗಳ ಸ್ಕೂಲ್ ಫೀಸು, ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗು ಎಲ್ಲ ನಾನೇ ಮಾಡ್ತೀನಿ, ಯಾರನ್ನೂ ಕೇಳಲ್ಲ. ಆದ್ರೆ ನಮ್ಮೂರ ನಗರಸಭೆ ವೆಬ್‌ಸೈಟಿಗೆ ಹೋದ್ರೆ ಮಾತ್ರ ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಳ್ಳದೆ ಒಂದು ಹೆಜ್ಜೆನೂ ಮುಂದೆ ಹೋಗಲ್ಲ.

ಹೋದ ವರ್ಷದ್ದು ಹೇಳ್ತೀನಿ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆ ಅಂತ ಶೇಕಡ 5ರ ನಿಧಿ ಎತ್ತಿಡಬೇಕು ಅನ್ನೋದು ನಿಮ್ಮ ಓದುಗರಿಗೆ ಗೊತ್ತಿರುತ್ತೆ. ಆ ನಿಧಿಗೆ ಅರ್ಜಿ ಕರೆದಿದ್ದಾರೆ ಅಂತ ಯಾರೋ ಹೇಳಿದ್ರು, ವೆಬ್‌ಸೈಟಲ್ಲಿ ಹುಡುಕಿ ಹುಡುಕಿ ಪಿಡಿಎಫ್ ಸಿಕ್ತು, ತೆಗೆದ್ರೆ ಕಂಪ್ಯೂಟರ್ ‘ಎಂಪ್ಟಿ ಡಾಕ್ಯುಮೆಂಟ್’ ಅಂತು, ಅಂದ್ರೆ ಒಳಗೆ ಏನೂ ಇಲ್ಲ ಅಂತ. ಏನೂ ಇಲ್ಲದೇ ಏನು, ಅದು ಮೂರು ಪುಟದ ನೋಟಿಸಂತೆ, ಸ್ಕ್ಯಾನ್ ಮಾಡಿದ ಫೋಟೋ ಅಷ್ಟೇ, ಫೋಟೋದಲ್ಲಿರೋ ಅಕ್ಷರ ಸ್ಕ್ರೀನ್ ರೀಡರಿಗೆ ಅಕ್ಷರ ಅಲ್ಲ. ಆಮೇಲೆ ಫೋನಲ್ಲಿ ಫೋಟೋದಿಂದ ಅಕ್ಷರ ಓದೋ ಆ್ಯಪ್ ಹಾಕಿ ಓದಿಸಿದೆ, ಒತ್ತಕ್ಷರ ಎಲ್ಲ ತಪ್ಪು ತಪ್ಪಾಗಿ ಬಂದ್ರೂ ಅರ್ಧಂಬರ್ಧ ಅರ್ಥ ಆಯ್ತು, ಕೊನೇ ದಿನಾಂಕ ಮಾತ್ರ ಎಷ್ಟು ಸಲ ಓದಿಸಿದ್ರೂ ಬರ್ಲಿಲ್ಲ. ಮಗಳು ಸಂಜೆ ಸ್ಕೂಲಿಂದ ಬಂದು ನೋಡಿ, ‘ಅಪ್ಪಾ, ಡೇಟ್ ಮೇಲೇನೇ ಸೀಲ್ ಹೊಡೆದಿದ್ದಾರೆ, ನನಗೂ ಕಷ್ಟಪಟ್ಟು ಕಾಣ್ತಿದೆ’ ಅಂದ್ಳು. ದಿನಾಂಕ ಮುಗಿದು ಆಗಲೇ ನಾಲ್ಕು ದಿನ ಆಗಿತ್ತು. ವಿಕಲಚೇತನರಿಗೆ ಅಂತಾನೇ ಬರೆದ ನೋಟಿಸು ಅದು.

ನನಗೆ ತುಂಬಾ ಬೇಜಾರಾಗೋದು ಎಲ್ಲಿ ಅಂದ್ರೆ, ಆ ನೋಟಿಸನ್ನ ಯಾರೂ ಕೈಯಲ್ಲಿ ಬರೆದಿರಲ್ಲ. ಆಫೀಸಲ್ಲಿ ಒಬ್ಬರು ಕಂಪ್ಯೂಟರಲ್ಲೇ ಟೈಪ್ ಮಾಡಿರ್ತಾರೆ, ಪ್ರಿಂಟ್ ತೆಗೀತಾರೆ, ಸಾಹೇಬ್ರ ಸಹಿ ಆಗುತ್ತೆ, ಸೀಲ್ ಬೀಳುತ್ತೆ, ಮತ್ತೆ ಸ್ಕ್ಯಾನ್ ಮಾಡಿ ಫೋಟೋ ಮಾಡಿ ವೆಬ್‌ಸೈಟಿಗೆ ಏರಿಸ್ತಾರೆ. ನಾನು ಓದಬಹುದಾಗಿದ್ದ ಅಕ್ಷರ ಮೊದಲನೇ ಹೆಜ್ಜೆಯಲ್ಲೇ ಇತ್ತು. ಸಹಿ ಇರೋ ಪ್ರತಿ ಬೇಕೇ ಬೇಕು ಅಂದ್ರೆ ಅದೂ ಇರ್ಲಿ, ಜೊತೆಗೆ ಟೈಪ್ ಮಾಡಿದ ಪಠ್ಯನೂ ಅದೇ ಪುಟದಲ್ಲಿ ಹಾಕಿ, ಇದಕ್ಕೆ ಹೊಸ ಮೆಷಿನ್ ಬೇಡ, ಅನುದಾನ ಬೇಡ, ಎರಡು ನಿಮಿಷದ ಕೆಲಸ.

ಹಾಕುವಾಗ ಯೂನಿಕೋಡಲ್ಲೇ, ಅಂದ್ರೆ ಕಂಪ್ಯೂಟರ್ ಕನ್ನಡ ಅಕ್ಷರಾನ ಕನ್ನಡ ಅಂತಾನೇ ಗುರುತಿಸೋ ವಿಧಾನದಲ್ಲೇ ಹಾಕಬೇಕು, ಇದನ್ನ ಒತ್ತಿ ಹೇಳ್ತಿದ್ದೀನಿ. ಎಷ್ಟೋ ಕಚೇರಿಗಳಲ್ಲಿ ಇವತ್ತಿಗೂ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲೇ ಟೈಪ್ ಮಾಡ್ತಾರೆ. ಕಣ್ಣಿಗೆ ಅದು ಕನ್ನಡ, ಆದ್ರೆ ಕಂಪ್ಯೂಟರ್ ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ‘ಕನ್ನಡ’ ಅನ್ನೋ ಪದಾನ ಬಾಣದ ಕೀ ಒತ್ತಿ ಒಂದೊಂದೇ ಅಕ್ಷರ ಕೇಳಿದ್ರೆ ‘ಪಿ, ಎ ಗ್ರೇವ್, ಪೌಂಡ್’ ಅಂತ ಶುರು ಆಗುತ್ತೆ. ಕನ್ನಡ ನಾಡಿನ ಕಚೇರಿ, ಕನ್ನಡದಲ್ಲೇ ಬರೆದ ಪತ್ರ, ಕನ್ನಡದವನೇ ಆದ ನನಗೆ ಅದರಲ್ಲಿ ಒಂದು ಪದನೂ ದಕ್ಕಲ್ಲ.

ಮನೆ ಕಂದಾಯದ್ದು ಇನ್ನೊಂದು ಗೋಳು. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ 5 ರಿಯಾಯ್ತಿ ಅಂತ ಕೂತ್ಕೋತೀನಿ. ಪುಟದಲ್ಲಿ ಬರೀ ‘ಬಟನ್, ಬಟನ್, ಗ್ರಾಫಿಕ್’ ಅಂತ ಕೇಳುತ್ತೆ, ಯಾವ ಬಟನ್ ಯಾತಕ್ಕೆ ಅಂತ ಹೆಸರಿಟ್ಟಿಲ್ಲ. ಹೆಡಿಂಗ್ ಸರಿಯಾಗಿ ಹಾಕಿದ್ರೆ ನಾವು ಎಚ್ ಕೀ ಒತ್ತಿ ಬೇಕಾದ ಜಾಗಕ್ಕೆ ನೇರ ಹಾರಬಹುದು, ಅದೂ ಇಲ್ಲ, ಮೇಲಿಂದ ಅಷ್ಟನ್ನೂ ಕೇಳ್ಕೊಂಡೇ ಬರಬೇಕು. ಹೇಗೋ ಮಾಡಿ ಕೊನೆಗೆ ಬಂದ್ರೆ ಕ್ಯಾಪ್ಚಾ, ಚಿತ್ರದಲ್ಲಿರೋ ಅಕ್ಷರ ನೋಡಿ ಬರೀರಿ ಅಂತ, ಕೇಳಿಸ್ಕೊಂಡು ಬರೆಯೋ ಆಡಿಯೊ ಇಲ್ಲ. ಅಲ್ಲಿಗೆ ನನ್ನ ಕೆಲಸ ನಿಂತೋಯ್ತು. ಮಗಳು ಇಲ್ಲದ ದಿನ ಸೈಬರ್ ಸೆಂಟರಿಗೆ ಹೋಗಬೇಕು, ಅಲ್ಲಿ ನಾಲ್ಕು ಜನ ಕಾಯ್ತಾ ನಿಂತಿರ್ತಾರೆ, ಅವರ ಮುಂದೆ ಆಧಾರ್ ನಂಬರ್ ಜೋರಾಗಿ ಹೇಳಬೇಕು, ಕಾರ್ಡ್ ಕೊಡಬೇಕು, ಓಟಿಪಿನೂ ಹೇಳಬೇಕು. ಬ್ಯಾಂಕಲ್ಲಿ ದಿನಾ ಬರೋ ಗ್ರಾಹಕರಿಗೆ ‘ಓಟಿಪಿ ಯಾರಿಗೂ ಹೇಳ್ಬೇಡಿ’ ಅಂತ ತಿಳಿಸೋನು ನಾನು.

ಇದು ನಮ್ಮಂಥ ಅಂಧರಿಗೆ ಮಾತ್ರ ಅಂದ್ಕೋಬೇಡಿ. ನನ್ನ ಸ್ನೇಹಿತನಿಗೆ ಕಿವಿ ಕೇಳಲ್ಲ, ನೀರು ಬಂದಿಲ್ಲ ಅಂತ ದೂರು ಕೊಡೋಕೆ ಸೈಟಲ್ಲಿ ಇರೋದು ಒಂದು ಫೋನ್ ನಂಬರ್ ಮಾತ್ರ, ಅವನು ಯಾರ ಹತ್ರ ಮಾತಾಡ್ತಾನೆ? ಕೈ ನಡುಗೋರು, ಒಂದೇ ಕೈಯಲ್ಲಿ ಟೈಪ್ ಮಾಡೋರು ಅರ್ಧ ಫಾರಂ ತುಂಬೋ ಹೊತ್ತಿಗೆ ‘ಸೆಷನ್ ಮುಗಿದಿದೆ’ ಅಂತ ಬಂದು ಮತ್ತೆ ಮೊದಲಿಂದ. 2011ರ ಜನಗಣತಿ ಪ್ರಕಾರಾನೇ ಕರ್ನಾಟಕದಲ್ಲಿ ವಿಕಲಚೇತನರು 13.24 ಲಕ್ಷ ಜನ, ಜೊತೆಗೆ ಕಣ್ಣು ಮಂಜಾದ ವಯಸ್ಸಾದೋರು ಎಲ್ಲ ಮನೆಯಲ್ಲೂ ಇದ್ದಾರೆ.

ಕಾನೂನು ಇಲ್ಲ ಅನ್ನೋ ಹಾಗೂ ಇಲ್ಲ. ಸರ್ಕಾರಿ ವೆಬ್‌ಸೈಟ್ ಹೇಗಿರಬೇಕು ಅಂತ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂದಿದೆ, 2023ರಲ್ಲಿ ಮೂರನೇ ಆವೃತ್ತಿನೂ ಬಂತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಅದರ ನಿಯಮ 2017ರ ಜೂನಲ್ಲಿ ಬಂತು, ಸೇವೆ ಕೊಡೋರೆಲ್ಲ ಎರಡು ವರ್ಷದೊಳಗೆ ಸರಿ ಮಾಡ್ಕೋಬೇಕು ಅಂತ ಕಾಯ್ದೆಯಲ್ಲೇ ಇದೆ, ಅಂದ್ರೆ 2019ಕ್ಕೇ ಗಡುವು ಮುಗೀತು. 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟು, ಈ ವಿಷಯದ ನಿಯಮಗಳು ಬರೀ ಸಲಹೆ ಥರ ಇದ್ರೆ ಸಾಲದು, ಕಡ್ಡಾಯ ಮಾಡಿ ಅಂತ ಕೇಂದ್ರಕ್ಕೆ ಮೂರು ತಿಂಗಳ ಗಡುವು ಕೊಡ್ತು. 2025ರ ಏಪ್ರಿಲ್ 30ಕ್ಕೆ, ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಮಾಡಿಸೋಕೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನೋದ್ರಿಂದ ತೊಂದರೆಯಾದ ಆಸಿಡ್ ದಾಳಿ ಸಂತ್ರಸ್ತರು ಮತ್ತೆ ಒಬ್ಬ ಅಂಧರ ಕೇಸಲ್ಲಿ, ಡಿಜಿಟಲ್ ಸೇವೆ ಎಲ್ಲರಿಗೂ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕೋ ಹಕ್ಕಿಗೇ ಸೇರಿದ್ದು ಅಂತ ಇದೇ ಕೋರ್ಟು ಹೇಳಿದೆ. ನಾವು ಕೇಳ್ತಿರೋದು ಕರುಣೆ ಅಲ್ಲ ಸ್ವಾಮಿ.

ಸೈಟಿನ ಮೇಲ್ಗಡೆ ಅಕ್ಷರ ದೊಡ್ಡದು ಚಿಕ್ಕದು ಮಾಡೋ ಎರಡು ಬಟನ್ ಇಟ್ಟು ‘ನಮ್ಮದು ಎಲ್ಲರಿಗೂ ಅನುಕೂಲ ಆಗೋ ಸೈಟು’ ಅಂದ್ರೆ ಆಗಲ್ಲ. ಅಧಿಕಾರಿಗಳು ಮೌಸ್ ಪಕ್ಕಕ್ಕಿಟ್ಟು ಬರೀ ಟ್ಯಾಬ್ ಕೀ, ಎಂಟರ್ ಕೀ ಒತ್ತಿ ಒಂದು ಸಲ ಕಂದಾಯ ಕಟ್ಟಿ ನೋಡಲಿ, ಎಲ್ಲಿ ಸಿಕ್ಕಾಕೊಳ್ತೀವಿ ಅಂತ ಅವರಿಗೇ ತಿಳಿಯುತ್ತೆ. ಸೈಟ್ ಮಾಡಿಕೊಡೋ ಕಂಪನಿ ಟೆಂಡರಲ್ಲೇ ಒಂದು ಷರತ್ತು ಬರೀಬೇಕು: ಸ್ಕ್ರೀನ್ ರೀಡರ್ ಬಳಸೋ ಒಬ್ಬರು ಕೂತು ಅರ್ಜಿ ಹಾಕಿ, ಹಣ ಕಟ್ಟಿ, ರಸೀದಿ ತೆಗೆದು ತೋರಿಸಿದ ಮೇಲೇನೇ ಬಿಲ್ ಪಾಸು ಅಂತ. ರಸ್ತೆ ಕಾಮಗಾರಿಗೆ ಅಳತೆ ಪುಸ್ತಕ ಇಲ್ಲದೆ ಬಿಲ್ ಕೊಡಲ್ಲ ತಾನೇ, ಇದಕ್ಕೂ ಹಾಗೇ ಇರ್ಲಿ.

ನಮ್ಮ ನಗರಸಭೆಯವರು ಕರೆದ್ರೆ ಒಂದು ದಿನ ರಜೆ ಹಾಕಿ ನಾನೇ ಬರ್ತೀನಿ, ದುಡ್ಡು ಬೇಡ. ನನ್ನ ಲ್ಯಾಪ್‌ಟಾಪ್ ತರ್ತೀನಿ, ಸ್ಪೀಕರ್ ಜೋರಾಗಿ ಇಟ್ಟು ಅವರ ಸೈಟು ನನ್ನ ಕಿವಿಗೆ ಹೇಗೆ ಕೇಳುತ್ತೆ ಅಂತ ಎಲ್ರೂ ಒಟ್ಟಿಗೆ ಕೂತು ಕೇಳೋಣ. ಶೇಕಡ 5ರ ನಿಧಿಯ ಈ ವರ್ಷದ ನೋಟಿಸ್ ಹಾಕೋಕೆ ಮುಂಚೆ ಕರೆದ್ರೆ ಒಳ್ಳೇದು.

ಇಂತಿ,
ನಗರಸಭೆ ವ್ಯಾಪ್ತಿಯ ಒಬ್ಬ ತೆರಿಗೆದಾರ