ಡಬ್ಬದ ಮೇಲಿನ ವ್ಯಾಟ್ ಬಿಡಿ, ರಿಸೀವರಿನ ಬೆನ್ನು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಥಿಯೇಟರ್ ಮಾಡಿಕೊಳ್ಳೋದು ಹೇಗೆ ಅಂತ ಒಂದು ಬರಹ ಬಂದಿತ್ತು. ಹೆಚ್ಚು ವ್ಯಾಟ್ ಇರುವ ರಿಸೀವರನ್ನೇ (ಟಿವಿಯ ಸದ್ದನ್ನು ಸ್ಪೀಕರ್ ಬಾಕ್ಸುಗಳಿಗೆ ಹಂಚುವ ಪೆಟ್ಟಿಗೆ) ಆರಿಸಿಕೊಳ್ಳಿ ಎಂಬ ಸಲಹೆ ಓದಿದಾಗ ಚಹಾದ ಕಪ್ ಕೆಳಗಿಟ್ಟೆ. ಅದೇ ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ 'ಸಾವಿರ ವ್ಯಾಟ್' ಅಂತ ಅಂಗಡಿಯೊಂದರ ಜಾಹೀರಾತು ಬೇರೆ. ಜಾಹೀರಾತಿನವರು ಮಾರುವವರು, ಏನಾದರೂ ಬರೆದುಕೊಳ್ಳಲಿ. ಬರಹದವರಾದರೂ ಸ್ವಲ್ಪ ಬಿಡಿಸಿ ಹೇಳಬೇಕಿತ್ತು ಅಲ್ವಾ?

ನಾನು ಗಂಗಾವತಿಯವನು. ಇಪ್ಪತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟಿದ್ದೇನೆ. ಮದುವೆ, ಜಾತ್ರೆ, ದೊಡ್ಡಾಟ, ಎಲೆಕ್ಷನ್ ಭಾಷಣ ಎಲ್ಲಕ್ಕೂ ಹಾರ್ನ್ ಕಟ್ಟಿದ್ದೇನೆ. ನಮ್ಮ ಕಸುಬಿನಲ್ಲಿ ವ್ಯಾಟ್ ಬಗ್ಗೆ ಸುಳ್ಳು ಹೇಳಿದರೆ ಜನರೇಟರ್ ಹೇಳಿಬಿಡುತ್ತದೆ. ಲೋಡ್ ಎಳೆಯದೆ ಗುರ್ ಅಂತ ನಿಂತುಹೋಗುತ್ತದೆ, ಆಮೇಲೆ ಊರ ಹಿರಿಯರ ಮುಂದೆ ತಲೆ ತಗ್ಗಿಸಬೇಕು. ಮನೆಯ ರಿಸೀವರಿಗೆ ಆ ಭಯ ಇಲ್ಲ, ಹಾಗಾಗಿ ಡಬ್ಬದ ಮೇಲೆ ಏನು ಬರೆದರೂ ನಡೆಯುತ್ತದೆ.

ಹಿಂದೆ ಟೇಪ್ ರೆಕಾರ್ಡರುಗಳ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಬಲ ಅನ್ನೋ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆಯುತ್ತಿದ್ದದ್ದು ನೆನಪಿರಬಹುದು. ಬಿಚ್ಚಿ ನೋಡಿದರೆ ಒಳಗೆ ನಿಂಬೆಹಣ್ಣಿನಷ್ಟು ಟ್ರಾನ್ಸ್‌ಫಾರ್ಮರ್. ಈಗಿನ ಒಳ್ಳೆಯ ಕಂಪನಿಗಳ ರಿಸೀವರುಗಳಲ್ಲಿ ಅಷ್ಟು ಮೋಸ ಇಲ್ಲ. ಆದರೆ ಅಲ್ಲೂ ಒಂದು ಜಾಣತನ ಇದೆ. ಒಂದೇ ಚಾನೆಲ್ (ಒಂದು ಬಾಕ್ಸಿಗೆ ಹೋಗುವ ಸದ್ದಿನ ದಾರಿ) ಓಡಿಸಿ, 1 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೊಟ್ಟು, ದನಿ ಶೇ. 10ರಷ್ಟು ಒಡೆಯುವವರೆಗೂ ಏರಿಸಿ ಅಳೆದರೆ ದೊಡ್ಡ ಅಂಕಿ ಬರುತ್ತದೆ. ಅದೇ ಪೆಟ್ಟಿಗೆಯನ್ನು ಎರಡು ಚಾನೆಲ್ ಒಟ್ಟಿಗೆ ಓಡಿಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ದನಿ ಶೇ. 0.1ಕ್ಕಿಂತ ಜಾಸ್ತಿ ಕೆಡದ ಹಾಗೆ ಅಳೆದರೆ ಅಂಕಿ ಅರ್ಧಕ್ಕೋ ಅದರ ಆಸುಪಾಸಿಗೋ ಇಳಿಯುತ್ತದೆ. ಐದು ಚಾನೆಲ್ ಒಟ್ಟಿಗೆ ಕೇಳಿದರೆ ಇನ್ನೂ ಕಡಿಮೆ. ಎರಡೂ ಅಳತೆ ಕೈಪಿಡಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತವೆ. ಡಬ್ಬದ ಮೇಲೆ ಹತ್ತೋದು ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದು ಎರಡು ಪಟ್ಟು ಆಗೋದಿಲ್ಲ. 50ರಿಂದ 100 ವ್ಯಾಟಿಗೆ ಹೋದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನಮ್ಮ ಮನೆಯ ಹಾಲ್ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ಅಲ್ಲಿ ಸಿನಿಮಾ ನೋಡುವಾಗ ಹೆಚ್ಚಿನ ಹೊತ್ತು ಒಂದೊಂದು ಬಾಕ್ಸಿಗೆ ಹೋಗುವುದು ಬೆರಳೆಣಿಕೆಯಷ್ಟು ವ್ಯಾಟ್. ಬಾಂಬ್ ಸಿಡಿದಾಗ ಒಂದು ಕ್ಷಣ ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಅಷ್ಟಕ್ಕೆ ಕಡಿಮೆ ಬೆಲೆಯ 5.1 ರಿಸೀವರ್ (ಐದು ಬಾಕ್ಸ್, ಬೇಸ್ ಸದ್ದಿಗೆ ಒಂದು ಸಬ್‌ವೂಫರ್) ಸಾಕು, ಧಾರಾಳವಾಗಿ ಸಾಕು.

ಹಾಗಾದರೆ ನೋಡಬೇಕಾದ್ದು ಏನು? ನಾನು ಕೆಟ್ಟು ಕಲಿತದ್ದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಮೂವತ್ತು ಸಾವಿರದ ಆಸುಪಾಸಿನಲ್ಲಿ ಒಂದು 5.1 ರಿಸೀವರ್ ತಂದೆ. ಐದು ಬಾಕ್ಸ್, ಒಂದು ಸಬ್‌ವೂಫರ್. ಅಂಗಡಿಯ ಹುಡುಗ ಬಂದು ಜೋಡಿಸಿ, ಜೋರಾಗಿ ಒಂದು ಹಾಡು ಹಾಕಿ, ಚಹಾ ಕುಡಿದು ಹೋದ. ನಾನು ಮೂರು ವಾರ ಸಿನಿಮಾ ನೋಡಿದೆ. ಮೈಕ್ ಸೆಟ್ಟಿನವನ ಮನೆಯಲ್ಲಿ ಸರೌಂಡ್ ಬಂದಿದೆ ಅಂತ ಓಣಿಯವರೂ ಬಂದು ನೋಡಿ ಹೋದರು. ಪಂಚಮಿಗೆ ಮಗಳು, ಅಳಿಯ ಬಂದರು. ಅಳಿಯ ಹಿಂದಿನ ಬಾಕ್ಸಿಗೆ ಕಿವಿ ಇಟ್ಟು ನೋಡಿ, "ಮಾವಾರ, ಇವೆರಡೂ ಸುಮ್ನ ಕುಂತಾವಲ್ರಿ" ಅಂದ.

ನನ್ನ ಮುಖ ಹೇಗಾಗಿರಬೇಕು ನೋಡಿ. ಇಪ್ಪತ್ತು ವರ್ಷ ಜನರಿಗೆ ಸದ್ದು ಮಾರಿದವನು.

ತಪ್ಪು ರಿಸೀವರಿನದಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಸೌಂಡ್ ಎಂಬ ಕಡೆ ಪಿಸಿಎಂ (ಟಿವಿಯೇ ಬಿಚ್ಚಿ ಕೊಡುವ ಸಾದಾ ಡಿಜಿಟಲ್ ಸದ್ದು) ಅಂತ ಇತ್ತು. ಹಾಗಿದ್ದರೆ ಬಹಳ ಟಿವಿಗಳು ಎರಡೇ ಚಾನೆಲ್ ಕಳಿಸುತ್ತವೆ. ಬಂದದ್ದು ಎರಡಾದರೆ ರಿಸೀವರ್ ತಾನಾಗಿ ಐದು ಎಲ್ಲಿಂದ ತರಬೇಕು? ಅದನ್ನು ಪಾಸ್‌ಥ್ರೂಗೆ ಬದಲಿಸಿದೆವು, ಅಂದರೆ ಬಂದ ಸದ್ದನ್ನು ಟಿವಿ ಹಾಗೇ ದಾಟಿಸುತ್ತದೆ (ಕೆಲವು ಟಿವಿಗಳಲ್ಲಿ ಆಟೋ ಅಂತ ಇರುತ್ತದೆ). ರಿಸೀವರಿನ ಮುಂಭಾಗದಲ್ಲಿ ಅಕ್ಷರ ಬೆಳಗುವ ಪಟ್ಟಿಯಲ್ಲಿ ಪಿಸಿಎಂ ಹೋಗಿ ಡಾಲ್ಬಿ ಅಂತ ಬಂತು. ಸಿನಿಮಾದಲ್ಲಿ ಮಳೆ ಸುರಿಯುತ್ತಿತ್ತು. ಮೊದಲ ಸಲ ಮಳೆ ನಮ್ಮ ಬೆನ್ನ ಹಿಂದೆ ಬಿತ್ತು. ಹೆಂಡತಿ ಎದ್ದು ಕಿಟಕಿ ನೋಡಿ ಬಂದಳು, ಹೊರಗೆ ಬಟ್ಟೆ ಒಣಹಾಕಿದ್ದಳು ಪಾಪ.

ಆವತ್ತಿಂದ ಯಾರೇ ಕೇಳಿದರೂ ಮೊದಲು ಹೇಳೋದು, ಆ ಮುಂದಿನ ಪಟ್ಟಿ ಓದಿ. ಡಾಲ್ಬಿ ಅಂತಲೋ ಡಿಟಿಎಸ್ ಅಂತಲೋ ಬಂದರೆ ಹೆಚ್ಚಾಗಿ ಸರೌಂಡ್ ಬರುತ್ತಿದೆ ಅಂತ. ಆದರೆ ಸೆಟ್ ಟಾಪ್ ಬಾಕ್ಸಿನ ಧಾರಾವಾಹಿಗಳು ಹೆಚ್ಚಾಗಿ ಎರಡೇ ಚಾನೆಲ್‌ನಲ್ಲಿ ಬರುತ್ತವೆ. ಆಗ ಡಾಲ್ಬಿ ಸರೌಂಡ್ ಅಂತಲೋ ಪ್ರೊ ಲಾಜಿಕ್ ಅಂತಲೋ ಒಂದು ಮೋಡ್ ಒತ್ತಿದರೆ ಎರಡನ್ನೇ ಐದಕ್ಕೆ ಹಂಚುತ್ತದೆ. ಅಸಲಿ ಅಲ್ಲ, ಆದರೂ ಪರವಾಗಿಲ್ಲ.

ಈಗ ರಿಸೀವರನ್ನು ತಿರುಗಿಸಿ ಬೆನ್ನು ನೋಡಿ. ಎಚ್‌ಡಿಎಂಐ ತೂತು ಎಷ್ಟು? ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಒಳಕ್ಕೆ, ಒಂದು ಹೊರಕ್ಕೆ. ಆ ಹೊರಗಿನದರ ಪಕ್ಕ ಎಆರ್‌ಸಿ ಅಂತ ಬರೆದಿರಬೇಕು. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದ ಅನುಕೂಲ ಅದು. ಟಿವಿಯ ಒಳಗೇ ಓಡುವ ಆಪ್‌ಗಳ ಸದ್ದು ಅದೇ ಕೇಬಲ್‌ನಲ್ಲಿ ಹಿಂದಕ್ಕೆ ರಿಸೀವರಿಗೆ ಬರುತ್ತದೆ. ಟಿವಿಯಲ್ಲೂ ಎಆರ್‌ಸಿ ಅಂತ ಬರೆದ ತೂತಿಗೇ ಹಾಕಬೇಕು. ಪಕ್ಕದ ತೂತಿಗೆ ಹಾಕಿ ಸದ್ದೇ ಇಲ್ಲ ಅಂತ ಫೋನ್ ಮಾಡುವವರು ನನಗೆ ತಿಂಗಳಿಗೆ ಇಬ್ಬರಾದರೂ ಸಿಗುತ್ತಾರೆ. ಇ-ಎಆರ್‌ಸಿ (ಎಆರ್‌ಸಿಯ ಮುಂದಿನ ರೂಪ) ಇದ್ದರೆ ಬ್ಲೂ-ರೇಯ ಒತ್ತಿ ಕುಗ್ಗಿಸದ ಸದ್ದೂ ಟಿವಿ ಮೂಲಕ ಬರುತ್ತದೆ, ಆದರೆ ಬರೀ ಆಪ್‌ಗಳಲ್ಲಿ ಸಿನಿಮಾ ನೋಡುವವರಿಗೆ ಸಾದಾ ಎಆರ್‌ಸಿಯೇ ಸಾಕು. ಹಳೆಯ ಮಾದರಿಯನ್ನು ಅಗ್ಗಕ್ಕೆ ಕೊಡುತ್ತೇವೆ ಅಂದರೆ ನಕಲು ತಡೆಯುವ ಬೀಗವಾದ ಎಚ್‌ಡಿಸಿಪಿ 2.2 ಇದೆಯಾ ಕೇಳಿ. ಇಲ್ಲದಿದ್ದರೆ ಅದರ ಮೂಲಕ 4ಕೆ ಚಿತ್ರ ದಾಟೋದು ಕಷ್ಟ.

ತಲೆ ಮೇಲಿನಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಇಲ್ಲ ಅಂತ ಅಂಗಡಿಯವರು ಹೆದರಿಸುತ್ತಾರೆ. ಅಟ್ಮಾಸ್ ಇರುವ ಸಿನಿಮಾ ಸಾದಾ 5.1ರಲ್ಲೂ ಚೆನ್ನಾಗಿ ಓಡುತ್ತದೆ, ತಲೆ ಮೇಲಿನ ಸದ್ದು ಸುತ್ತಲಿನ ಬಾಕ್ಸುಗಳಿಗೆ ಸೇರಿಕೊಳ್ಳುತ್ತದೆ. ಮಾಳಿಗೆ ಮನೆಯಲ್ಲಿ ತೊಲೆಗೆ ಸ್ಪೀಕರ್ ಎಲ್ಲಿ ಕಟ್ಟುತ್ತೀರಿ, ಬಿಡಿ.

ಸಬ್‌ವೂಫರ್ ವಿಷಯದಲ್ಲಿ ಮಾತ್ರ ಹುಷಾರು. ರಿಸೀವರಿನ ಬೆನ್ನಲ್ಲಿ ಅದಕ್ಕಿರುವುದು ಬರೀ ಒಂದು ಆರ್‌ಸಿಎ ಪಿನ್. ಅಲ್ಲಿಂದ ಕರೆಂಟಿನ ಬಲ ಬರೋದಿಲ್ಲ, ಸಿಗ್ನಲ್ ಅಷ್ಟೇ. ಹಾಗಾಗಿ ಒಳಗೇ ಆಂಪ್ಲಿಫೈಯರ್ ಇರುವ, ಗೋಡೆಯ ಪ್ಲಗ್ಗಿಗೆ ಹಾಕುವ ಸಬ್‌ವೂಫರೇ ಬೇಕು. ಹಳೆಯ ಹೋಮ್ ಥಿಯೇಟರ್ ಸೆಟ್ಟಿನ ಎರಡು ವೈರಿನ ವೂಫರ್ ಇಟ್ಟುಕೊಂಡಿದ್ದರೆ ಅದು ಇದಕ್ಕೆ ಹೊಂದೋದಿಲ್ಲ. ಇನ್ನು ನಮ್ಮ ಕಡೆ ಕಾರಿನ ಸ್ಪೀಕರನ್ನು ಪ್ಲೈವುಡ್ ಡಬ್ಬಕ್ಕೆ ಕೂರಿಸುವ ಚಟ ಇದೆ. ಅವು ಹೆಚ್ಚಾಗಿ 4 ಓಮ್ (ಓಮ್ ಕಡಿಮೆಯಾದಷ್ಟೂ ರಿಸೀವರಿನಿಂದ ಹೆಚ್ಚು ಕರೆಂಟ್ ಎಳೆಯುತ್ತವೆ). ಕಡಿಮೆ ಬೆಲೆಯ ರಿಸೀವರುಗಳು ಬಹಳಷ್ಟು 6 ಓಮ್‌ಗಿಂತ ಕೆಳಗೆ ಇಳಿಯಬೇಡಿ ಅನ್ನುತ್ತವೆ. ಜೋರು ಇಟ್ಟರೆ ಕಾದು, ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತದೆ. ವೈರಿನ ಒಂದು ಎಳೆ ಪಕ್ಕದ ವೈರಿಗೆ ತಾಗಿದರೂ ಅದೇ ಗತಿ. ಕೆಂಪು-ಕಪ್ಪು ಒಂದು ಬಾಕ್ಸಿಗೆ ಅದಲು ಬದಲಾದರೆ ಆಫ್ ಆಗೋದಿಲ್ಲ, ಬದಲಿಗೆ ಬೇಸ್ ಎಲ್ಲ ತೆಳುವಾಗಿ, ಹಾಡುವವರು ಗೋಡೆಯ ಆಚೆ ನಿಂತ ಹಾಗೆ ಕೇಳುತ್ತದೆ.

ಡಬ್ಬದಲ್ಲಿ ಗುಬ್ಬಿಯಷ್ಟು ಒಂದು ಮೈಕ್ ಬಂದಿದ್ದರೆ ಅದನ್ನು ಎಸೆಯಬೇಡಿ! ನನ್ನ ಲೆಕ್ಕದಲ್ಲಿ ರಿಸೀವರಿನ ಅತಿ ಬೆಲೆಬಾಳುವ ಗುಣ ಅದೇ. ಅದರಿಂದ ನಡೆಯುವ ಅಳತೆಗೆ ಯಮಹಾದವರು ವೈಪಿಎಒ ಅನ್ನುತ್ತಾರೆ, ಸೋನಿಯವರು ಡಿಸಿಎಸಿ, ಡೆನಾನ್‌ನ ಬಹಳ ಮಾದರಿಗಳಲ್ಲಿ ಆಡಿಸ್ಸಿ ಇರುತ್ತದೆ. ತೀರಾ ಅಗ್ಗದ ಮಾದರಿಗಳಲ್ಲಿ ಒಮ್ಮೊಮ್ಮೆ ಇರೋದೇ ಇಲ್ಲ, ಕೊಳ್ಳುವ ಮೊದಲೇ ಕೇಳಿ. ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಮೈಕ್ ಇಟ್ಟರೆ ಒಂದೊಂದೇ ಬಾಕ್ಸಿನಿಂದ ಬುಸ್ ಬುಸ್ ಅಂತ ಸದ್ದು ಮಾಡಿಸಿ, ಯಾವುದು ಎಷ್ಟು ದೂರ, ಎಷ್ಟು ಜೋರು ಅಂತ ತಾನೇ ಅಳೆದು ಸರಿಮಾಡುತ್ತದೆ. ಆಗ ಮನೆ ಮೌನ ಇರಬೇಕು, ಫ್ಯಾನೂ ಆಫ್. ನಾನು ಮೊದಲ ಸಲ ಮಾಡಿದ್ದು ಮೇ ತಿಂಗಳಲ್ಲಿ, ಬೆವರು ಇಳಿಯುತ್ತಿತ್ತು, ಕೊನೆಯ ಬಾಕ್ಸಿಗೆ ಬಂದಾಗ ಕುಕ್ಕರ್ ಸೀಟಿ ಹೊಡೆಯಿತು. ಮತ್ತೆ ಮೊದಲಿಂದ. ಆರು ಅಡಿ ದೂರದ ಸಬ್‌ವೂಫರನ್ನು ಹನ್ನೆರಡು ಅಡಿ ಅಂತ ತೋರಿಸಿದರೆ ತಿದ್ದಲು ಹೋಗಬೇಡಿ. ಸಬ್‌ವೂಫರಿನ ಒಳಗಿನ ಸರ್ಕ್ಯೂಟಿನಿಂದ ಸದ್ದು ಸ್ವಲ್ಪ ತಡವಾಗಿ ಹೊರಡುತ್ತದೆ, ಯಂತ್ರ ಆ ತಡವನ್ನೂ ಅಡಿಯಲ್ಲೇ ಲೆಕ್ಕ ಹಾಕಿರುತ್ತದೆ. ಸಣ್ಣ ಬಾಕ್ಸುಗಳಿದ್ದರೆ ಮೆನುವಿನಲ್ಲಿ ಸ್ಮಾಲ್ ಅಂತ ಇಟ್ಟು, ಬೇಸ್ ಸದ್ದು ಸಬ್‌ವೂಫರಿಗೆ ತಿರುಗುವ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಕೊಡಿ.

"ಮಾತು ಕೇಳೋದಿಲ್ಲ, ಹೊಡೆದಾಟ ಮಾತ್ರ ಜೋರು" ಅನ್ನೋದು ಮನೆ ಮನೆಯ ದೂರು. 5.1ರಲ್ಲಿ ಮಾತೆಲ್ಲ ಹೆಚ್ಚಾಗಿ ಟಿವಿ ಕೆಳಗಿನ ಸೆಂಟರ್ ಬಾಕ್ಸಿನಿಂದ ಬರುತ್ತದೆ. ಮೆನುವಿನಲ್ಲಿ ಅದೊಂದನ್ನು ಮಾತ್ರ 2-3 ಡೆಸಿಬೆಲ್ ಏರಿಸಿ. ಅದನ್ನು ಷೋಕೇಸಿನ ಒಳಗೆ ಗೊಂಬೆಗಳ ಹಿಂದೆ ತಳ್ಳಬೇಡಿ, ಅಂಚಿಗೆ ತಂದು ಕಿವಿಯ ಕಡೆ ಸ್ವಲ್ಪ ಓರೆ ಮಾಡಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನೈಟ್ ಮೋಡ್ ಹಾಕಿದರೆ ಬಾಂಬ್ ತಗ್ಗುತ್ತದೆ, ಪಿಸುಮಾತು ಮೇಲೇಳುತ್ತದೆ. ಇವೆರಡನ್ನೂ ಅಂಗಡಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ, ನಿಮ್ಮ ಬರಹದಲ್ಲೂ ಇರಲಿಲ್ಲ.

ನಮ್ಮ ಮನೆಗಳ ತೊಂದರೆ ಇನ್ನೊಂದು. ಕೆಳಗೆ ಬಂಡೆ ಇಲ್ಲವೇ ಟೈಲ್ಸ್, ನಾಲ್ಕೂ ಕಡೆ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಗುಡಿಯಲ್ಲಿ ತಟ್ಟಿದ ಹಾಗೆ ಗುಂಯ್ ಅನ್ನುತ್ತದೆ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿಯ ರಿಸೀವರೂ ಒದರುತ್ತದೆ. ನಾನು ಕೆಳಗೆ ಜಮಖಾನ ಹಾಸಿ, ಹಿಂದಿನ ಗೋಡೆಗೆ ಅವ್ವ ಹೊಲಿದ ಎರಡು ಕೌದಿ ನೇತು ಹಾಕಿದೆ. ಖರ್ಚು ನಾಲ್ಕು ಮೊಳೆ. ಆ ಮೊಳೆಗಳಿಂದ ಆದ ಫರಕು ನೂರು ವ್ಯಾಟಿನಿಂದ ಆಗುತ್ತಿರಲಿಲ್ಲ.

ಸೆಕೆಯ ಬಗ್ಗೆಯೂ ಹೇಳಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆ 40 ಡಿಗ್ರಿ ದಾಟುತ್ತದೆ. ರಿಸೀವರ್ ತಾನೇ ಕಾಯುವ ವಸ್ತು, ಅದನ್ನು ಗಾಜಿನ ಬಾಗಿಲಿನ ಷೋಕೇಸಿನಲ್ಲಿ ಇಟ್ಟು, ಮೇಲೆ ಸೆಟ್ ಟಾಪ್ ಬಾಕ್ಸ್ ಕೂರಿಸಿದರೆ ಎಷ್ಟು ದಿನ ಬಾಳೀತು? ಮೇಲೆ ಒಂದು ಗೇಣಾದರೂ ಜಾಗ ಬಿಡಿ. ಸಂಡೂರು ಕಡೆಯವರು ಕೆಂಪು ಧೂಳನ್ನು ತಿಂಗಳಿಗೊಮ್ಮೆ ಊದಿ ತೆಗೆಯಿರಿ. ವೋಲ್ಟೇಜ್ ಏರಿಳಿತ ಇರುವ ಊರಾದರೆ ಸ್ಟೆಬಿಲೈಜರ್ ಇಲ್ಲದೆ ಹಚ್ಚಲೇಬೇಡಿ.

ಎಫ್‌ಎಂ ಮರೆತಿದ್ದೆ. ಬಹಳ ಮಾದರಿಗಳಲ್ಲಿ ರೇಡಿಯೋ ಇರುತ್ತದೆ, ಜೊತೆಗೆ ಬಂದ ತೆಳ್ಳನೆಯ ವೈರನ್ನು ಕಿಟಕಿಗೆ ಕಟ್ಟಬೇಕು ಅಷ್ಟೇ. ಬೆಳಿಗ್ಗೆ ಹೊಸಪೇಟೆ ಆಕಾಶವಾಣಿ ನಮ್ಮನೆಯ ಐದೂ ಬಾಕ್ಸಿನಲ್ಲಿ ಓಡುತ್ತದೆ. ಮೂವತ್ತು ಸಾವಿರದ ಯಂತ್ರವನ್ನು ಹೆಂಡತಿ ಒಪ್ಪಿಕೊಂಡದ್ದು ಅದಕ್ಕೇ ಅಂತ ನನ್ನ ಗುಮಾನಿ.

ಈಗ ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ದೀಪಾವಳಿಗೆ ಮತ್ತೆ ಇಂಥ ಪುರವಣಿ ತರುತ್ತೀರಿ, ಜಾಹೀರಾತೂ ಬರುತ್ತವೆ. ವ್ಯಾಟ್ ಬರೆದ ಕಡೆ, ಎಷ್ಟು ಚಾನೆಲ್ ಓಡಿಸಿ ಅಳೆದದ್ದು, ಎಷ್ಟು ಓಮ್‌ಗೆ, ದನಿ ಶೇಕಡಾ ಎಷ್ಟು ಕೆಟ್ಟಾಗ ಎಂಬ ಮೂರು ವಿಷಯ ಪಕ್ಕದಲ್ಲೇ ಹಾಕಿ ಅಂತ ಜಾಹೀರಾತು ಕೊಡುವವರಿಗೆ ಹೇಳಿ. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಇದೆ, 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು ಅಂತ ಅದೇ ಪುಟದ ಮೂಲೆಯಲ್ಲಿ ಒಂದು ಸಾಲು ಹಾಕಿದರೂ ಆದೀತು. ಬರಹ ಬರೆಯುವವರು ಬೇಕಾದರೆ ಒಂದು ದಿನ ಗಂಗಾವತಿಗೆ ಬರಲಿ, ಹಿಂದಿನ ಬಾಕ್ಸಿಗೆ ಕಿವಿ ಇಟ್ಟು ನೋಡಲಿ.

ಇತಿ,
ನಿಮ್ಮ ಹಳೆಯ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ