ಈ ಮಳೆಗಾಲ ದಾಟಿಸಿದ ಎಲ್ರಿಗೂ ಥ್ಯಾಂಕ್ಸ್

ಮಳೆ ಪೂರ್ತಿ ನಿಂತಿದೆ, ತೀರ್ಥಹಳ್ಳಿ ಹತ್ರದ ಆ ಮನೆ ಹಿಂದೆ ನಾವು ಕಟ್ಟಿಸಿದ ಕಲ್ಲಿನ ಗೋಡೆ ಒಂದು ಕಲ್ಲೂ ಕದಲದೆ ನಿಂತಿದೆ, ತೋಟದ ಅಂಚಿನ ಮಂಟಪದಲ್ಲಿ ಮನೆಯವರು ತುಳಸಿ ಹಬ್ಬದ ದಿನ ದೀಪ ಇಟ್ಟಿದ್ರು. ಊರ ಕಡೆ ಮನೆಗಳಿಗೆ ಅಂಗಳ, ಮಂಟಪ, ತೋಟ ಡಿಸೈನ್ ಮಾಡಿಕೊಡೋದು ನನ್ನ ಕೆಲಸ, ಫೋಟೋ ನೋಡಿದೋರೆಲ್ಲ ನಂಗೇ ಕಂಗ್ರಾಟ್ಸ್ ಹೇಳ್ತಿದೀರಿ, ಆದ್ರೆ ಇದು ಯಾರ್ಯಾರಿಂದ ಆಯ್ತು ಅಂತ ಹೇಳ್ಲೇಬೇಕು ನಾನು.

ಹೋದ ವರ್ಷ ಆ ಮನೆಯವರು ಪಟ್ಟ ಕಷ್ಟ ಸಣ್ಣದಲ್ಲ. ನಾವು ಬರೋಕೆ ಮುಂಚೆನೇ ಯಾರೋ ಜೆಸಿಬಿ ತಂದು ಗುಡ್ಡನ ನೆಟ್ಟಗೆ ಕಡಿದು ಮನೆಗೆ ಜಾಗ ಮಾಡಿದ್ರು, ಹಂಗೆ ಕಡಿದು ನಿಂತ ಧರೆ ಆಷಾಢದ ಮಳೆಗೆ ಒಂದು ರಾತ್ರಿ ಕುಸಿದು ಅಡುಗೆಮನೆ ಗೋಡೆವರೆಗೂ ಕೆಸರು ಬಂತು. ಆಗುಂಬೆ ಇರೋ ತಾಲೂಕು ಅದು, ಆಗುಂಬೇಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಸುರಿಯುತ್ತೆ. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡೋನು.

ಮೊದಲ ನಮಸ್ಕಾರ ಪಕ್ಕದ ತೋಟದ ಅಜ್ಜಂಗೆ. ಅವತ್ತು ಕಂಬಳಿಕೊಪ್ಪೆ ಹಾಕ್ಕೊಂಡು ಬಂದು ಗುಡ್ಡದ ಮೇಲೆ ಕರ್ಕೊಂಡು ಹೋಗಿ, ಪ್ರತಿ ವರ್ಷ ಎಲ್ಲೆಲ್ಲಿ ಜಲ ಏಳುತ್ತೆ, ನೀರು ಹರಿಯೋ ಯಾವ ಹಳೇ ಅಗಳು (ಕಂದಕ) ಮುಚ್ಚಿಹೋಗಿದೆ ಅಂತ ಒಂದೊಂದೇ ತೋರಿಸಿದ್ರು, ಯಾವ ಸರ್ವೆಲೂ ಸಿಗದ ಮಾಹಿತಿ ಅದು. ಅಜ್ಜ ತೋರಿಸಿದ ಅಗಳನ್ನ ಮತ್ತೆ ತೆಗೆಸಿ, ಮೇಲಿನ ನೀರು ಧರೆಗೆ ಬರದೆ ಸೀದಾ ತೋಟದ ಬಸಿಗಾಲುವೆ ಸೇರೋ ಹಂಗೆ ಮಾಡಿದ್ಮೇಲೇ ಗೋಡೆ ಲೈನ್ ಹಾಕಿದ್ದು.

ಇನ್ನು ನಮ್ಮ ಮೇಸ್ತ್ರಿ. ಹದಿನೈದು ಅಡಿದು ಒಂದೇ ಕಾಂಕ್ರೀಟ್ ಗೋಡೆ ಎಬ್ಬಿಸಿ ಅಂತ ಸುಮಾರು ಜನ ಹೇಳಿದ್ರು, ಮೇಸ್ತ್ರಿ ಒಪ್ಪಲಿಲ್ಲ, ಐದೈದು ಅಡಿದು ಮೂರು ಹಂತ ಮಾಡೋಣ, ಸಿಮೆಂಟಿಲ್ದೆ ಒಣಕಲ್ಲಲ್ಲೇ ಕಟ್ಟೋಣ ಅಂದ್ರು, ನನ್ನ ಮನಸ್ಸಲ್ಲೂ ಅದೇ ಇತ್ತು. ಯಾಕಂದ್ರೆ ಇಂಥ ಗೋಡೆನ ಬೀಳಿಸೋದು ಬರೀ ಮಣ್ಣಲ್ಲ, ಹಿಂದೆ ಕಟ್ಟಿಕೊಳ್ಳೋ ನೀರು. ಒಣಕಲ್ಲಾದ್ರೆ ಸಂದಿ ಸಂದಿಲೂ ನೀರು ಬಸಿದು ಹೋಗುತ್ತೆ. ಎತ್ತರದ ಅರ್ಧದಷ್ಟು ಬುಡ ಅಗಲ ಇಟ್ಟು, ಪ್ರತಿ ಅಡಿ ಎತ್ತರಕ್ಕೆ ಎರಡಿಂಚು ಗುಡ್ಡದ ಕಡೆ ವಾಲಿಸಿ, ನಡುನಡುವೆ ಗೋಡೆ ದಪ್ಪ ಪೂರ್ತಿ ಹಿಡಿಯೋ ಉದ್ದ ಕಲ್ಲು ಕೂರಿಸಿ, ಹಿಂದೆ ಜಲ್ಲಿ, ಜಲ್ಲಿಗೆ ಮಣ್ಣು ಇಳೀಬಾರದು ಅಂತ ನೀರು ಮಾತ್ರ ಬಿಡೋ ಬಟ್ಟೆ, ಅಂದ್ರೆ ಜಿಯೋಟೆಕ್ಸ್‌ಟೈಲ್. ಒಂದು ಕಲ್ಲು ಸರಿಯಾಗಿ ಕೂರಲಿಲ್ಲ ಅಂದ್ರೆ ಮೂರು ಸಾಲು ಬಿಚ್ಚಿ ಮತ್ತೆ ಕಟ್ಟೋರು ಅವ್ರು, ನಾನಂತೂ ನಿಂತು ನೋಡ್ತಾ ಇರ್ತಿದ್ದೆ. ಆ ಕಲ್ಲೆಲ್ಲ ಹೊತ್ತು ಕೊಟ್ಟ ಅಣ್ಣಂದ್ರಿಗೆ, ಪ್ರತಿ ಹಂತದ ತುದಿಗೂ ಲಾವಂಚ ನೆಟ್ಟ ಅಕ್ಕಂದ್ರಿಗೆ ಎಷ್ಟು ಹೇಳಿದ್ರೂ ಸಾಲಲ್ಲ. ಲಾವಂಚದ ಬೇರು ಅಡ್ಡ ಹರಡದೆ ಹತ್ತಡಿ ಆಳದವರೆಗೂ ನೇರ ಇಳಿಯುತ್ತೆ, ಈಗ ಮಣ್ಣು ಹಿಡಿದಿರೋದು ಅದೇ.

ಮಂಟಪದ ಕಟ್ಟೆಗೆ ಜಂಬಿಟ್ಟಿಗೆ, ಮೇಲೆ ಮಂಗಳೂರು ಹೆಂಚು. ಹೆಂಚು ಅಜ್ಜನ ಹಳೇ ಕೊಟ್ಟಿಗೆದು, ದುಡ್ಡು ತಗೊಳ್ಳಲೇ ಇಲ್ಲ. ಕೆಲವಕ್ಕೆ ಬಾಸೆಲ್ ಮಿಷನ್ 1865 ಅಂತ ಮುದ್ರೆ ಇದೆ (ಅದು ಮಂಗಳೂರಲ್ಲಿ ಆ ಮಿಷನ್ನೋರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚಿನ ವಯಸ್ಸಲ್ಲ, ತುಂಬಾ ಜನ ಕೇಳಿದ್ರಿ ಅದಕ್ಕೆ ಹೇಳಿದೆ). ಹಳೇ ಹೆಂಚು ಅಳತೆಲಿ ಚೂರು ಹೆಚ್ಚುಕಮ್ಮಿ ಇರುತ್ತೆ, ಮರಗೆಲಸದ ಆಚಾರ್ರು ಒಂದೊಂದು ಸಾಲಿಗೂ ಹೆಂಚಿಟ್ಟು ನೋಡಿ ನೋಡಿ ರೀಪು (ಹೆಂಚು ಕೂರೋ ಮರದ ಪಟ್ಟಿ) ಹೊಡೆದ್ರು, ಗಾಳಿಮಳೆಗೂ ಒಂದು ಹನಿ ಸೋರಿಲ್ಲ.

ಕೊನೇದಾಗಿ ಮನೆಯ ಅಮ್ಮಂಗೆ, ಯಜಮಾನ್ರಿಗೆ. ಅಷ್ಟು ಹೆದರಿದ್ದೋರು ಬೇಗ ಮುಗಿಸಿ ಅಂತ ಒಂದು ದಿನಾನೂ ಒತ್ತಾಯ ಮಾಡ್ಲಿಲ್ಲ, ಹುಲ್ಲುಹಾಸು ಬೇಡ, ಇಲ್ಲಿದೇ ಸುರಗಿ, ಸಂಪಿಗೆ ಇರಲಿ ಅಂದ್ರು, ಕೆಲಸದವ್ರಿಗೆಲ್ಲ ಮಧ್ಯಾಹ್ನ ಬಿಸಿ ಊಟ ಹಾಕಿದ್ರು.

ಮೇಸ್ತ್ರಿ ಸಂಕ್ರಾಂತಿ ಆದ್ಮೇಲೆ ಫ್ರೀ ಇದಾರೆ. ಶಿವಮೊಗ್ಗ, ಚಿಕ್ಕಮಗಳೂರು ಕಡೆ ಮನೆ ಹಿಂದೆ ಧರೆ ಇಟ್ಕೊಂಡು ಭಯದಲ್ಲಿರೋರು ಇದ್ರೆ ಮೆಸೇಜ್ ಮಾಡಿ, ಮುಂದಿನ ಮಳೆ ಒಳಗೆ ಕೆಲಸ ಮುಗೀಬೇಕು ಅಂದ್ರೆ ಈಗ್ಲೇ ಕಲ್ಲು ಹೇಳಿಡಬೇಕು.